ಗಿಡಕ್ಕೊಂದು ಹೂವು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನ್ನ ಕೈಗೆ ಸಿಕ್ಕ ಗಿಡ ಬಹಳ ದಿನ ಬದುಕುವುದಿಲ್ಲ. ಮನುಷ್ಯರ ವಿಷಯದಲ್ಲಿ ನನ್ನ ಮೇಲೆ ಅಂಥ ದೂರಿಲ್ಲ. ನಾನು ಅರಿವಳಿಕೆ ವೈದ್ಯ. ಶೆಫೀಲ್ಡಿನ ಒಂದು ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಜನರನ್ನು ಆಪರೇಷನ್ನಿಗೆ ಮುಂಚೆ ಮಲಗಿಸುವುದು, ಆಮೇಲೆ ಎಬ್ಬಿಸುವುದು, ಇದೇ ನನ್ನ ಉದ್ಯೋಗ. ಮಲಗಿಸಿದವರನ್ನು ಎಬ್ಬಿಸಿಯೇ ಮನೆಗೆ ಬಂದಿದ್ದೇನೆ. ಮನೆಯ ಗಿಡಗಳು ಮಾತ್ರ ಒಮ್ಮೆ ಮಲಗಿದರೆ ಏಳುವುದಿಲ್ಲ. ಗೆಳೆಯರು ಕೊಟ್ಟ ಆರ್ಕಿಡ್ ಹೋಯಿತು, ಲೆಸ್ಟರ್‌ನಿಂದ ತಂದ ಕರಿಬೇವು ಹೋಯಿತು, ಮಗಳು ಯೂನಿವರ್ಸಿಟಿಗೆ ಹೊರಡುವಾಗ ಬಿಟ್ಟುಹೋದ ಕ್ಯಾಕ್ಟಸ್ ಕೂಡ ಹೋಯಿತು. ಕ್ಯಾಕ್ಟಸ್ ಸಾಯಿಸುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ, ಅದಕ್ಕೂ ಒಂದಿಷ್ಟು ಓದಿರಬೇಕು ಎಂದು ನನ್ನ ಹೆಂಡತಿ ಶೈಲಾ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ.

ಹೀಗಿರುವಾಗ ಪಕ್ಕದ ಮನೆಯ ಅಜ್ಜಿ ಜೀನ್ ತಮ್ಮ ಮೂರು ಆಫ್ರಿಕನ್ ವಯೊಲೆಟ್ ಕುಂಡಗಳನ್ನು ನನ್ನ ವಶಕ್ಕೆ ಒಪ್ಪಿಸಿದ್ದೇಕೆ ಎಂಬುದು ನನಗೆ ಈಗಲೂ ಪೂರ್ತಿ ಅರ್ಥವಾಗಿಲ್ಲ. ಅವರಿಗೆ ಎಂಬತ್ತನಾಲ್ಕು ವರ್ಷ. ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾದವರು, ಒಂಟಿಯಾಗಿರುವವರು. ಬ್ರೂಮ್‌ಹಿಲ್ಲಿನ ನಮ್ಮ ಏರುರಸ್ತೆಯಲ್ಲಿ ಅರ್ಧಕ್ಕರ್ಧ ಡಾಕ್ಟರುಗಳು, ಉಳಿದರ್ಧ ವಿದ್ಯಾರ್ಥಿಗಳು. ವಿದ್ಯಾರ್ಥಿಗಳಿಗೆ ಗಿಡ ಕೊಟ್ಟರೆ ಮರೆಯುತ್ತಾರೆ, ಡಾಕ್ಟರಾದರೆ ಕನಿಷ್ಠ ಸಾವಿನ ಹೊತ್ತು ಬರೆದಿಡುತ್ತಾನೆ ಎಂದುಕೊಂಡರೋ ಏನೋ.

ನಿಜ ಹೇಳಬೇಕೆಂದರೆ ಅವರು ನನ್ನನ್ನು ನಂಬಿದ್ದು ಅಮ್ಮನ ಮುಖ ನೋಡಿ. ಜೀನ್ ಜೊತೆ ನಮಗೆ ಸ್ನೇಹವಾದದ್ದೂ ಅಮ್ಮ ಮಾಡಿದ ಒಂದು ಕಳ್ಳತನದಿಂದ. ಅದನ್ನು ಹೇಳದೆ ಮುಂದೆ ಹೋದರೆ ಈ ಕಥೆಗೆ ಬುಡವೇ ಇರುವುದಿಲ್ಲ.

ಅಮ್ಮ ಮೈಸೂರಿನ ಒಂಟಿಕೊಪ್ಪಲಿನವಳು. ಹೋದ ಸೆಪ್ಟೆಂಬರ್ ಕೊನೆಗೆ ಆರು ತಿಂಗಳ ವೀಸಾದ ಮೇಲೆ ನಮ್ಮಲ್ಲಿಗೆ ಬಂದಳು. ಬಂದ ಎರಡನೆಯ ಬೆಳಿಗ್ಗೆ ನಾನು ಎದ್ದು ಕೆಳಗಿಳಿದು ಬಂದರೆ ಮೈಕ್ರೋವೇವ್ ಮೇಲಿನ ದೇವರ ಮಂಟಪದಲ್ಲಿ ಗುಲಾಬಿ, ಡೇಲಿಯಾ, ಇನ್ನೂ ಹೆಸರು ಗೊತ್ತಿಲ್ಲದ ನೀಲಿ ಹೂಗಳು. ಮೈಸೂರಿನಲ್ಲಿ ಮುಂಜಾನೆ ಹೂ ಬಿಡಿಸಲು ಹೊರಡುವವರನ್ನು ನೀವು ಕಂಡಿರುತ್ತೀರಿ. ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಕೆಲವರಲ್ಲಿ ಕೊಕ್ಕೆ ಕಟ್ಟಿದ ಕೋಲು. ಕಾಂಪೌಂಡಿನಿಂದ ಆಚೆ ಬಗ್ಗಿದ ಕೊಂಬೆಯೆಲ್ಲ ದೇವರದು ಎಂಬುದು ಅವರ ಕಾಯಿದೆ. ಮನೆಯವರು ಕಿಟಕಿಯಿಂದ ನೋಡಿಯೂ ನಿದ್ದೆ ಬಂದವರಂತಿರಬೇಕೆಂಬುದು ಅದರ ಎರಡನೆಯ ಕಲಮು. ಅಮ್ಮ ಆ ಕಾಯಿದೆಯನ್ನು ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಜೊತೆಗೇ ತಂದಿದ್ದಳು. ನಮ್ಮ ರಸ್ತೆಯ ಐದು ಮನೆಗಳ ಮುಂದಿನ ತೋಟದಲ್ಲಿ ಅದನ್ನು ಜಾರಿಗೂ ತಂದಿದ್ದಳು.

ಒಂಬತ್ತು ಗಂಟೆಗೆ ಬಾಗಿಲ ಗಂಟೆ ಸದ್ದಾಯಿತು. ತೆರೆದರೆ ಜೀನ್. ಇಪ್ಪತ್ತು ವರ್ಷದಲ್ಲಿ ನಾವು ಹವಾಮಾನ ಮತ್ತು ಕಸದ ತೊಟ್ಟಿಯ ದಿನ, ಇವೆರಡು ಬಿಟ್ಟು ಬೇರೇನೂ ಮಾತಾಡಿದವರಲ್ಲ. ಹೂವಿನ ವಿಷಯವೇ ಎಂದು ಖಾತ್ರಿಯಾಯಿತು.

"ನಿನ್ನ ತಾಯಿ ಬಂದಿದ್ದಾರಾ, ಲವ್?" ಎಂದರು. ಈ ಊರಿನಲ್ಲಿ ಬಸ್ ಡ್ರೈವರಿನಿಂದ ಹಿಡಿದು ತರಕಾರಿಯವರ ತನಕ ಎಲ್ಲರೂ ಎಲ್ಲರನ್ನೂ ಲವ್ ಎಂದೇ ಕರೆಯುವುದು. ಮೊದಲ ವರ್ಷ ಕಿವಿ ಕೆಂಪಾಗುತ್ತಿತ್ತು. ಈಗ ಯಾರಾದರೂ ಹಾಗೆ ಅನ್ನದಿದ್ದರೆ ನಾನೇನು ತಪ್ಪು ಮಾಡಿದೆನೋ ಎನ್ನಿಸುತ್ತದೆ.

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು. "ಮಹಡಿ ಕಿಟಕಿಯಿಂದ ನೋಡ್ತಿದ್ದೆ. ಗುಲಾಬಿ ಕಿತ್ತುಕೊಂಡ್ರು. ಆದ್ರೆ ಎಷ್ಟು ನಾಜೂಕಾಗಿ ಕೀಳ್ತಾರೆ! ಇರೋದ್ರಲ್ಲಿ ಚೆಂದದ್ದೊಂದನ್ನ ಗಿಡದಲ್ಲೇ ಬಿಟ್ಟು ಹೋದ್ರು. ಕಳ್ಳರು ಹೀಗೆ ಮಾಡೋದನ್ನ ನಾನು ನೋಡಿಲ್ಲ. ಅವರನ್ನ ಚಹಾಕ್ಕೆ ಕಳಿಸ್ತೀಯಾ?"

ಅಲ್ಲಿಂದ ಅಮ್ಮನಿಗೆ ಮಧ್ಯಾಹ್ನದ ಚಹಾ ಜೀನಮ್ಮನ ಮನೆಯಲ್ಲಿ. ಹೌದು, ಅಮ್ಮನ ಬಾಯಲ್ಲಿ ಅವರು ಮೂರನೇ ದಿನಕ್ಕೆ ಜೀನಮ್ಮ ಆಗಿದ್ದರು. ಅಮ್ಮನಿಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ ಬಾರದು. ಇವಳು ತನ್ನ ಮಂಡಿನೋವಿನ ಬಗ್ಗೆ ಕನ್ನಡದಲ್ಲಿ, ಅವರು ತಮ್ಮ ಸೊಂಟದ ಬಗ್ಗೆ ಇಂಗ್ಲಿಷಿನಲ್ಲಿ. ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಡುವ ಗೊಡವೆಗೇ ಹೋಗದ ಕಾರಣ ಸಂಭಾಷಣೆ ಸೊಗಸಾಗಿ ಸಾಗುತ್ತಿತ್ತು.

ನವೆಂಬರಿನ ಹಿಮಕ್ಕೆ ಜೀನ್ ತೋಟದ ಕೊನೆಯ ಗುಲಾಬಿಯೂ ಕರಗಿಹೋಯಿತು. ದೇವರಿಗೆ ಹೂವಿಲ್ಲ. ನಾನು ಸೂಪರ್‌ಮಾರ್ಕೆಟ್ಟಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹೂ ತಂದುಕೊಟ್ಟೆ. ಅಮ್ಮ ಮೂಸಿ ನೋಡಿ ಪಕ್ಕಕ್ಕಿಟ್ಟಳು. "ಯಾವ ಗಿಡದ್ದೋ, ಕಿತ್ತೋರ್ಯಾರೋ. ನನ್ನ ಕೈಲಿ ಬಿಡಿಸಿದ್ದಲ್ಲ ಅಂದ್ರೆ ನಾನೇನು ಕೊಟ್ಟ ಹಾಗಾಯ್ತೋ ರಘು?" ಎಂದಳು. ಹೂವಿನ ಬದಲು ನಾಲ್ಕು ಕಾಳು ಅಕ್ಷತೆ ಹಾಕಿ ಕೈ ಮುಗಿಯತೊಡಗಿದಳು. "ದೇವರೇನೂ ಬೇಜಾರು ಮಾಡ್ಕೊಳಲ್ಲ. ನನಗೇ ಒಂಥರಾ ಬೋಳುಬೋಳು ಅನ್ಸುತ್ತೆ" ಎಂದು ಒಂದೇ ಒಂದು ಸಲ ಹೇಳಿದಳು. ನಾನು ಕಿವಿಗೆ ಹಾಕಿಕೊಂಡೆ, ಅಷ್ಟೇ.

ಜನವರಿಯಲ್ಲಿ ಜೀನ್ ಅವರಿಗೆ ಸೊಂಟದ ಆಪರೇಷನ್. ನಂತರ ಎರಡು ತಿಂಗಳು ಲೀಡ್ಸ್‌ನಲ್ಲಿರುವ ಮಗಳ ಮನೆಯಲ್ಲಿ ವಿಶ್ರಾಂತಿ. ಮಗಳ ಮನೆಯಲ್ಲಿ ಎರಡು ಬೆಕ್ಕುಗಳಿದ್ದುದರಿಂದ ವಯೊಲೆಟ್‌ಗಳು ನಮ್ಮ ಅಡುಗೆಮನೆಯ ಕಿಟಕಿಗೆ ಬಂದವು. ಎರಡು ಸಣ್ಣ ಕುಂಡ, ಬಿಳಿ ಮತ್ತು ತಿಳಿಗುಲಾಬಿ. ನಡುವಿನದು ದೊಡ್ಡದು, ಗಾಢ ನೇರಳೆ; ಜೀನ್ ತಂಗಿ ತೀರಿಕೊಳ್ಳುವ ಮುಂಚೆ ತನ್ನ ಗಿಡದಿಂದ ಮುರಿದುಕೊಟ್ಟ ಒಂದೇ ಒಂದು ಎಲೆಯಿಂದ ಬೆಳೆದದ್ದು.

ಪ್ರತಿ ಮೇ ತಿಂಗಳಲ್ಲಿ ಚರ್ಚಿನ ಹಾಲಿನಲ್ಲಿ ಹೂವಿನ ಪ್ರದರ್ಶನ ನಡೆಯುತ್ತದೆ. ಹನ್ನೊಂದು ವರ್ಷ ಜೀನ್ ಈ ನೇರಳೆ ಗಿಡವನ್ನು ಒಯ್ದಿದ್ದಾರೆ, ಹನ್ನೊಂದು ವರ್ಷವೂ ಎರಡನೆಯ ಬಹುಮಾನ. ಮೊದಲನೆಯದು ಡೆರೆಕ್ ಎಂಬ ಮಹಾನುಭಾವರಿಗೆ. "ಒಂದು ಸಲ ಡೆರೆಕ್‌ನ ಮುಖ ಸಣ್ಣಗಾಗೋದನ್ನ ನೋಡಬೇಕಿತ್ತು. ಈ ವರ್ಷ ಹೇಗೂ ಆಗಲ್ಲ, ಬಿಡು. ಗಿಡ ಜೀವಂತ ಇದ್ರೆ ಸಾಕು" ಎಂದು ಹೇಳಿ, ನೀಲಿ ಶಾಯಿಯಲ್ಲಿ ಬರೆದ ಒಂದು ಹಾಳೆ ನನ್ನ ಕೈಗಿಟ್ಟರು. ಅದರಲ್ಲಿ ನೀರು ಮೇಲಿನಿಂದ ಹುಯ್ಯಬಾರದು, ತಟ್ಟೆಯಲ್ಲಿ ಹಾಕಿ ಗಿಡವೇ ಕೆಳಗಿನಿಂದ ಕುಡಿಯುವಂತೆ ಬಿಡಬೇಕು ಎಂದಿತ್ತು. ನೀರು ಉಗುರುಬೆಚ್ಚಗಿರಬೇಕು, ಎಲೆಯ ಮೇಲೆ ತಣ್ಣೀರು ಬಿದ್ದರೆ ಕಲೆಯಾಗುತ್ತದೆ. ಭಾನುವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಬೇಕು. ಎಲೆಯ ಧೂಳನ್ನು ಮಕ್ಕಳ ಪೇಂಟಿಂಗ್ ಬ್ರಷ್ಷಿನಿಂದ ಸವರಿ ತೆಗೆಯಬೇಕು.

ಓದುತ್ತಾ ಹೋದಂತೆ ನನಗೆ ಇದು ಗಿಡವಲ್ಲ, ಐಸಿಯುನಲ್ಲಿರುವ ರೋಗಿ ಎನ್ನಿಸಿ ಹುರುಪು ಬಂತು. ಫ್ರಿಜ್ಜಿನ ಬಾಗಿಲಿಗೆ ಒಂದು ಚಾರ್ಟು ಅಂಟಿಸಿದೆ. ದಿನಾಂಕ, ನೀರು, ಕೋಣೆಯ ಉಷ್ಣತೆ, ಎಲೆಗಳ ಸ್ಥಿತಿ, ಹೂಗಳ ಸಂಖ್ಯೆ. "ನಿಮ್ಮ ಬಿಪಿಗೆ ಇಂಥದೊಂದು ಚಾರ್ಟು ಹಾಕಿ ಅಂತ ಆರು ವರ್ಷದಿಂದ ಹೇಳ್ತಿದ್ದೀನಿ" ಎಂದಳು ಶೈಲಾ. ಅವಳು ಜಿಪಿ, ಅಂದರೆ ಬಡಾವಣೆಯ ಸಾಮಾನ್ಯ ವೈದ್ಯೆ; ಅವಳಿಗೆ ಎಲ್ಲದರಲ್ಲೂ ಬಿಪಿಯೇ ಕಾಣುವುದು.

ಈ ಗಿಡದ ಬಗ್ಗೆ ನಾನು ಓದಿಕೊಂಡದ್ದನ್ನೂ ಸ್ವಲ್ಪ ಹೇಳಿಬಿಡುತ್ತೇನೆ. ಓದಿದ್ದನ್ನು ಹೇಳದಿದ್ದರೆ ನನಗೆ ತಿಂದದ್ದು ಅರಗುವುದಿಲ್ಲ. ಆಫ್ರಿಕನ್ ವಯೊಲೆಟ್ ವಯೊಲೆಟ್ಟೇ ಅಲ್ಲ. ಆ ಕುಲಕ್ಕೂ ಇದಕ್ಕೂ ನಂಟೇ ಇಲ್ಲ, ಬಣ್ಣ ನೋಡಿ ಯಾರೋ ಇಟ್ಟ ಹೆಸರು. ಇದರ ತವರು ಟಾಂಜಾನಿಯಾದ ಬೆಟ್ಟಗಳು. ಅಲ್ಲಿ ಮಂಜು ಮುಸುಕಿದ ಕಾಡಿನೊಳಗೆ, ಬಿಸಿಲು ನೇರ ಬೀಳದ ಬಂಡೆಯ ಬಿರುಕುಗಳಲ್ಲಿ, ಹಿಡಿ ಮಣ್ಣು ಸಿಕ್ಕರೆ ಸಾಕು ಬೆಳೆಯುತ್ತದಂತೆ. ಒಬ್ಬ ಜರ್ಮನ್ ಅಧಿಕಾರಿ ಬೀಜವನ್ನು ಊರಿಗೆ ಕಳಿಸಿದ. ಅಲ್ಲಿಂದ ಲೋಕದ ಅಡುಗೆಮನೆಗಳ ಕಿಟಕಿಗೆಲ್ಲ ಹಬ್ಬಿತು. ಮಬ್ಬು ಬೆಳಕು, ತೇವದ ಗಾಳಿ, ಮಿತವಾದ ಆಸೆ. ಶೆಫೀಲ್ಡಿಗೆ ಇದಕ್ಕಿಂತ ಹೊಂದುವ ಜೀವ ಇನ್ನೊಂದಿಲ್ಲ. ಇಲ್ಲಿ ನನ್ನ ಬದುಕಿಗೂ ಅದಕ್ಕೂ ಹೋಲಿಕೆ ತಂದು ಒಂದು ಪುಟ ಬರೆಯಬಹುದಿತ್ತು. ಪರದೇಶಕ್ಕೆ ಬಂದವರಿಗೆ ಕಂಡಕಂಡ ಕುಂಡದಲ್ಲೆಲ್ಲ ತಮ್ಮ ಆತ್ಮಕಥೆ ಕಾಣುವ ಕಾಯಿಲೆ ಇದೆ. ನಾನು ಔಷಧಿ ತೆಗೆದುಕೊಂಡಿದ್ದೇನೆ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಆ ಕಿಟಕಿಯ ಮುಂದೆ ಕುರ್ಚಿ ಹಾಕಿಕೊಂಡು ಕೂರುವುದು ನನಗೆ ಅಭ್ಯಾಸವಾಯಿತು. ಹೊರಗೆ ಇಳಿಜಾರಿನ ಮನೆಗಳ ಹೆಂಚುಗಳೆಲ್ಲ ಮಂಜಿನಲ್ಲಿ ಒಂದೊಂದಾಗಿ ಮಾಯವಾಗುತ್ತಿದ್ದವು. ಒಳಗೆ ಅಮ್ಮ ಸಾರಿಗೆ ಹಾಕಿದ ಒಗ್ಗರಣೆಯ ವಾಸನೆ ಇನ್ನೂ ಗಾಳಿಯಲ್ಲಿರುತ್ತಿತ್ತು. ವಯೊಲೆಟ್ಟಿನ ಎಲೆಗಳ ಮೇಲೆ ಸಣ್ಣ ಸಣ್ಣ ರೋಮವಿದೆ, ಮಗುವಿನ ಕಿವಿಯ ಮೇಲೆ ಇರುತ್ತದಲ್ಲ, ಅಂಥದ್ದು. ಬೆಳಕು ಅದರ ಮೇಲೆ ಬಿದ್ದು ನಿಂತುಬಿಡುತ್ತದೆ, ಜಾರುವುದಿಲ್ಲ. ಅದನ್ನೇ ನೋಡುತ್ತಾ ನೋಡುತ್ತಾ ನನಗೆ ಜೊಂಪು ಹತ್ತುತ್ತಿತ್ತು. ಬೇರೆಯವರನ್ನು ಮಲಗಿಸಿಯೇ ಆಯುಷ್ಯ ಕಳೆದವನು ನಾನು; ಆ ಕಡೆ ಹೋಗುವಾಗ ಅವರಿಗೆ ಏನು ಕಾಣುತ್ತದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಆ ಕುರ್ಚಿಯಲ್ಲಿ ಕೂತಾಗ, ಬಹುಶಃ ಇಂಥ ಒಂದು ಎಲೆ ಇರಬೇಕು ಎನ್ನಿಸುತ್ತಿತ್ತು. ಕಣ್ಣು ತೆರೆದರೆ ಚಹಾ ಆರಿರುತ್ತಿತ್ತು, ಹೆಂಚುಗಳು ವಾಪಸು ಬಂದಿರುತ್ತಿದ್ದವು, ಗಿಡ ಮಾತ್ರ ಹಾಗೆಯೇ ಕೂತಿರುತ್ತಿತ್ತು.

ಎಲೆಗಳೇನೋ ಚೆನ್ನಾಗಿದ್ದವು. ದಿನದಿನಕ್ಕೆ ಅಗಲವಾಗಿ, ಒಂದರ ಪಕ್ಕ ಒಂದು ಜೋಡಿಸಿಟ್ಟಂತೆ ಹರಡಿಕೊಳ್ಳುತ್ತಿದ್ದವು. ತೊಂದರೆ ಇದ್ದದ್ದು ಹೂವಿನಲ್ಲಿ. ಬಂದಾಗ ಗಿಡಗಳ ತುಂಬ ಹೂವಿತ್ತು. ಒಂದು ವಾರದೊಳಗೆ ಮೂರು ಕುಂಡದಲ್ಲೂ ಒಂದೊಂದೇ ಹೂವು ಉಳಿಯಿತು. ಹೊಸ ಮೊಗ್ಗು ಬರುತ್ತಿತ್ತು, ನಾನು ಸಂಜೆ ನೋಡಿ ಖುಷಿಪಡುತ್ತಿದ್ದೆ, ಮಾರನೆಯ ಸಂಜೆಗೆ ಇಲ್ಲ. ಚಾರ್ಟಿನ ಹೂವಿನ ಕಾಲಮ್ಮಿನಲ್ಲಿ ಒಂದು, ಒಂದು, ಒಂದು. ಮರುದಿನ ಮತ್ತೆ ಒಂದು, ಒಂದು, ಒಂದು. ಇಷ್ಟು ಶಿಸ್ತಿನ ರೋಗವನ್ನು ನಾನು ವೈದ್ಯಕೀಯದಲ್ಲಿ ಎಲ್ಲೂ ಕಂಡಿರಲಿಲ್ಲ.

ಚಳಿ ಹೆಚ್ಚಾಯಿತೇ ಎಂದು ಹೀಟಿಂಗ್ ಏರಿಸಿದೆ. ಗಾಳಿ ಒಣಗಿತೇ ಎಂದು ಕುಂಡದ ಸುತ್ತ ನೀರು ತುಂಬಿದ ಬಟ್ಟಲುಗಳನ್ನಿಟ್ಟೆ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಒಬ್ಬ ಚರ್ಮರೋಗ ತಜ್ಞರನ್ನು ಕೇಳಿದೆ. ಅವರು ಮುಲಾಮು ಹಚ್ಚು ಎಂದರು, ತಮಾಷೆಗೋ ನಿಜಕ್ಕೋ ತಿಳಿಯಲಿಲ್ಲ. ಕೊನೆಗೆ ನನ್ನ ರೋಗಿಗಳನ್ನೇ ಕೇಳತೊಡಗಿದೆ. ಸೂಜಿ ಚುಚ್ಚಿ ಔಷಧಿ ಬಿಡುವಾಗ ಅವರ ಮನಸ್ಸನ್ನು ಬೇರೆ ಕಡೆ ಹೊರಳಿಸಲು ಏನಾದರೂ ಮಾತಾಡಿಸುವುದು ನಮ್ಮ ಪದ್ಧತಿ. ಮುಂಚೆ ರಜೆಗೆ ಎಲ್ಲಿ ಹೋಗಿದ್ದಿರಿ ಎನ್ನುತ್ತಿದ್ದೆ. ಈಗ ಆಫ್ರಿಕನ್ ವಯೊಲೆಟ್ ಬೆಳೆದಿದ್ದೀರಾ ಎನ್ನತೊಡಗಿದೆ. ಈ ಸೀಮೆಯಲ್ಲಿ ಅರುವತ್ತು ದಾಟಿದವರೆಲ್ಲ ಒಂದಲ್ಲ ಒಂದು ಕಾಲಕ್ಕೆ ಬೆಳೆದವರೇ. ಒಬ್ಬ ಹೆಂಗಸು ನನ್ನ ಪ್ರಶ್ನೆ ಕೇಳಿ ಮುಖವರಳಿಸಿ, "ಹೂ ನಿಲ್ತಾ ಇಲ್ವಾ? ಅಯ್ಯೋ, ಅದರ ಗುಟ್ಟು ಇಷ್ಟೇ, ನೀವು ದಿನಾ ಬೆಳಿಗ್ಗೆ..." ಎಂದವರು ಅಲ್ಲಿಗೇ ನಿದ್ದೆ ಹೋದರು. ಔಷಧಿ ಬಿಟ್ಟವನು ನಾನೇ. ಎರಡು ಗಂಟೆಯ ನಂತರ ಎಬ್ಬಿಸಿ ಮೊದಲು ಕೇಳಿದ್ದು ನೋವಿದೆಯೇ ಎಂದಲ್ಲ, ದಿನಾ ಬೆಳಿಗ್ಗೆ ಏನು ಎಂದು. ಅವರು ನನ್ನನ್ನು ಮುಂಚೆ ನೋಡಿಯೇ ಇಲ್ಲವೆಂಬಂತೆ ನಕ್ಕರು. ನನ್ನ ರೋಗಿಗಳಿಗೆ ನನ್ನ ನೆನಪು ಉಳಿಯುವುದೇ ಇಲ್ಲ. ಅದು ನನ್ನ ಕೆಲಸ ಚೆನ್ನಾಗಿ ಆಗಿದೆ ಎಂಬುದರ ಗುರುತು. ಆ ದಿನ ಮಾತ್ರ ಅದು ಸಂಕಟವಾಯಿತು.

ಮಾರ್ಚ್ ಮೊದಲ ಶನಿವಾರ. ಸಾಮಾನ್ಯವಾಗಿ ನಾನು ಏಳಕ್ಕೇ ಆಸ್ಪತ್ರೆಗೆ ಹೊರಟುಬಿಡುತ್ತೇನೆ. ಶನಿವಾರ ತಡವಾಗಿ ಏಳುವವನು. ಅವತ್ತು ಯಾಕೋ ಬೇಗ ಎಚ್ಚರವಾಗಿ ಕೆಳಗಿಳಿದೆ. ಅಮ್ಮ ಸ್ನಾನ ಮುಗಿಸಿ, ತಲೆಗೆ ಟವೆಲ್ ಸುತ್ತಿಕೊಂಡು, ಕಿಟಕಿಯ ಮುಂದೆ ನಿಂತಿದ್ದಳು. ಎಡಗೈಯಲ್ಲಿ ಎಲೆಗಳನ್ನು ಹುಷಾರಾಗಿ ಎತ್ತಿ ಹಿಡಿದು, ಬಲಗೈಯ ಉಗುರಿನಿಂದ ಹೊಸದಾಗಿ ಅರಳಿದ ಒಂದು ನೇರಳೆ ಹೂವಿನ ತೊಟ್ಟನ್ನು ಚಿವುಟಿದಳು. ಹೂವನ್ನು, ಅದರ ಪಕ್ಕದ ಎರಡು ಮೊಗ್ಗುಗಳ ಸಮೇತ, ಬೆಳ್ಳಿಯ ಬಟ್ಟಲಿಗೆ ಹಾಕಿದಳು. ಅದರಲ್ಲಿ ಆಗಲೇ ಒಂದು ಬಿಳಿ, ಒಂದು ಗುಲಾಬಿ ಇದ್ದವು. ಬಾಯಲ್ಲಿ ಏನೋ ಸ್ತೋತ್ರ. ಮೈಕ್ರೋವೇವ್ ಮೇಲೆ ಪುಟ್ಟ ಕೃಷ್ಣ ಕಾಯುತ್ತಿದ್ದ. ಎರಡು ತಿಂಗಳಲ್ಲಿ ನಾನು ಅವನತ್ತ ಒಮ್ಮೆಯೂ ಕಣ್ಣೆತ್ತಿ ನೋಡಿರಲಿಲ್ಲ.

ನಾನು ಕಿರುಚಿದೆ. ಎಷ್ಟು ಜೋರಾಗಿ ಎಂದರೆ ಅಮ್ಮನ ಕೈಯಿಂದ ಬಟ್ಟಲು ಜಾರಿ ಸಿಂಕಿಗೆ ಬಿತ್ತು. "ಏನಮ್ಮ ನೀನು ಮಾಡ್ತಿರೋದು? ಅದು ನಮ್ಮದಲ್ಲ! ನಂಬಿ ಬಿಟ್ಟುಹೋಗಿರೋ ಗಿಡ! ಬುದ್ಧಿ ಬೇಡ್ವಾ? ನಿನ್ನ ದೇವರಿಗೆ ಇಡೀ ಇಂಗ್ಲೆಂಡಲ್ಲಿ ಬೇರೆ ಹೂವೇ ಸಿಗಲಿಲ್ವಾ?"

ಅಮ್ಮ ತಿರುಗಿ ನೋಡಿದಳು. ಸಿಂಕಿನಿಂದ ಮೂರೂ ಹೂಗಳನ್ನು ಆರಿಸಿ ಬಟ್ಟಲಿಗೆ ಹಾಕಿ, ಬಟ್ಟಲನ್ನು ದೇವರ ಮುಂದಲ್ಲ, ನನ್ನ ಚಾರ್ಟಿನ ಪಕ್ಕದ ಮೇಜಿನ ಮೇಲೆ ಇಟ್ಟಳು. ಆಮೇಲೆ ಅಕ್ಷತೆ ಡಬ್ಬಿ ತೆಗೆದಳು. ಎಪ್ಪತ್ತೊಂಬತ್ತು ವರ್ಷದ ಕೈ, ಡಬ್ಬಿಯ ಮುಚ್ಚಳ ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು.

"ನನಗೆ ಮೊದಲನೇ ದಿನದಿಂದ ಗೊತ್ತಿತ್ತು" ಎಂದಳು ಶೈಲಾ, ಗದ್ದಲ ಕೇಳಿ ಇಳಿದು ಬಂದವಳು. "ನೀವು ಮನೆಯವರನ್ನ ಬಿಟ್ಟು ಊರಿನವರನ್ನೆಲ್ಲ ಕೇಳಿದ್ರಿ."

ನಂತರದ ದಿನಗಳಲ್ಲಿ ಅಮ್ಮ ಮುನಿಸಿಕೊಳ್ಳಲಿಲ್ಲ. ಮುನಿಸಿಕೊಂಡಿದ್ದರೆ ಚೆನ್ನಾಗಿರುತ್ತಿತ್ತು. ದೋಸೆ ಹುಯ್ದಳು, ಕಾಫಿ ಕೊಟ್ಟಳು, ನನ್ನ ಡ್ಯೂಟಿಯ ರೋಟಾ ವಿಚಾರಿಸಿದಳು. ಕಿಟಕಿಯ ಕಡೆ ಮಾತ್ರ ಹೋಗಲಿಲ್ಲ. ತರಕಾರಿ ತೊಳೆಯುವಾಗಲೂ ಆ ಕುಂಡಗಳಿಗೆ ಕೈ ತಾಗದಂತೆ ಒಂದು ಪಕ್ಕಕ್ಕೆ ವಾಲಿ ನಿಲ್ಲುತ್ತಿದ್ದಳು, ಬೇರೆಯವರ ಮನೆಯಲ್ಲಿ ನಿಂತ ಹಾಗೆ. ನನ್ನ ಚಾರ್ಟಿನಲ್ಲಿ ಹೂವಿನ ಸಂಖ್ಯೆ ಎರಡಾಯಿತು, ಮೂರಾಯಿತು. ಅದನ್ನು ಬರೆಯುವಾಗ ನನಗೆ ಯಾವ ಖುಷಿಯೂ ಆಗಲಿಲ್ಲ. ಅಮ್ಮ ಊರಿಗೆ ಹೊರಡಲು ಇನ್ನು ಮೂರೇ ವಾರವಿತ್ತು.

ಮಾರ್ಚ್ ನಡುವಿನಲ್ಲಿ ಜೀನ್ ಊರುಗೋಲಿನೊಂದಿಗೆ ಮನೆಗೆ ಮರಳಿದರು. ನಾನು ಮೂರೂ ಕುಂಡಗಳನ್ನು ಟ್ರೇಯಲ್ಲಿಟ್ಟುಕೊಂಡು ಹೋಗಿ, ಅವರ ಮೇಜಿನ ಮೇಲಿಟ್ಟು, ತಪ್ಪೊಪ್ಪಿಗೆ ಶುರುಮಾಡಿದೆ. ಅಮ್ಮನ ಪೂಜೆ, ಅಕ್ಷತೆ, ಉಗುರು, ಬೆಳ್ಳಿಯ ಬಟ್ಟಲು, ಎಲ್ಲ ಹೇಳಿದೆ. ಎರಡು ತಿಂಗಳು ಹೊಸ ಮೊಗ್ಗೊಂದೂ ನಿಂತಿರಲಿಲ್ಲ ಎಂದೆ. ಜೀನ್ ಕನ್ನಡಕ ಹಾಕಿಕೊಂಡು ನಡುವಿನ ಗಿಡವನ್ನು ಸುತ್ತಲೂ ತಿರುಗಿಸಿ ತಿರುಗಿಸಿ ನೋಡಿದರು. ಎಲೆಗಳು ತಟ್ಟೆಯಂತೆ ದುಂಡಗೆ ಹರಡಿದ್ದವು. ಆಮೇಲೆ ಅವರು ನಗಲು ಶುರುಮಾಡಿದರು. ಹೊಸ ಸೊಂಟ ನೋಯುತ್ತದೆ, ನಗಿಸಬೇಡ ಎಂದು ನನಗೇ ಬೈಯುತ್ತಾ ನಕ್ಕರು.

ವಿಷಯ ಇಷ್ಟು. ಪ್ರದರ್ಶನಕ್ಕೆ ಒಯ್ಯುವ ಗಿಡದಲ್ಲಿ ತಿಂಗಳುಗಟ್ಟಲೆ ಮುಂಚಿನಿಂದ ಹೂ ಬಿಡಲು ಬಿಡಬಾರದಂತೆ. ಬಂದ ಬಂದ ಮೊಗ್ಗನ್ನು ತೊಟ್ಟಿನ ಸಮೇತ ಚಿವುಟುತ್ತಿರಬೇಕು. ಆಗ ಗಿಡದ ಕಸುವೆಲ್ಲ ಎಲೆಗೆ ಹೋಗುತ್ತದೆ. ಪ್ರದರ್ಶನಕ್ಕೆ ಎಂಟು ವಾರವಿದೆ ಎನ್ನುವಾಗ ಚಿವುಟುವುದನ್ನು ನಿಲ್ಲಿಸಿದರೆ, ತಡೆಹಿಡಿದದ್ದೆಲ್ಲ ಒಟ್ಟಿಗೆ ಅರಳುತ್ತದೆ. "ಇದನ್ನ ನಿನಗೆ ಬರೆದುಕೊಡಲಿಲ್ಲ. ಬೇರೆಯವರ ಗಿಡದ ಮೊಗ್ಗನ್ನ ದಿನಾ ಚಿವುಟು ಅಂತ ಯಾರಿಗೆ ಹೇಳೋದು? ನಿನಗಂತೂ ಮನಸ್ಸೇ ಬರ್ತಿರಲಿಲ್ಲ" ಎಂದರು ಜೀನ್. ಗೋಡೆಯ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ವಾರಗಳನ್ನು ಎಣಿಸಿದರು. "ಎಂಟು ವಾರ, ಒಂದು ದಿನ. ನಿನ್ನ ತಾಯಿಗೆ ಇವತ್ತಿಂದ ನಿಲ್ಲಿಸೋಕೆ ಹೇಳು, ಲವ್."

ಆ ಹೆಂಗಸು ನಿದ್ದೆಗೆ ಜಾರುವ ಮುಂಚೆ ಹೇಳಹೊರಟಿದ್ದು ಇದನ್ನೇ ಇರಬೇಕು. ಗೋಡೆಯಾಚೆಯ ನನ್ನ ಮನೆಯಲ್ಲೇ ಅದು ದಿನಾ ಬೆಳಿಗ್ಗೆ ಸ್ತೋತ್ರ ಸಮೇತ ನಡೆಯುತ್ತಿತ್ತು.

ನಾನು ಓಡಿದಂತೆ ಮನೆಗೆ ಬಂದೆ. ತಾಯಿಯ ಹತ್ತಿರ ಕ್ಷಮಿಸು ಎನ್ನುವ ರೂಢಿ ನಮ್ಮ ಕಡೆಯ ಗಂಡುಮಕ್ಕಳಿಗಿಲ್ಲ. ಅದರ ಬದಲು ನಾವು ಕಾಫಿ ಮಾಡಿಕೊಡುತ್ತೇವೆ, ಅದನ್ನೂ ಕೆಟ್ಟದಾಗಿ. ಲೋಟ ಅಮ್ಮನ ಮುಂದಿಟ್ಟು, ಜೀನ್ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ, "ನೀನು ಮಾಡಿದ್ದೇ ಸರಿಯಂತಮ್ಮ!" ಎಂದೆ.

ಅಮ್ಮ ಕಾಫಿಯನ್ನು ಒಂದು ಗುಟುಕು ಕುಡಿದಳು. "ಅವರು ಸರಿ ಅಂದಿದ್ದಕ್ಕೆ ಸರಿಯಾಯ್ತು. ಗಿಡ ಸೊರಗಿದ್ರೆ ನಾನು ಬುದ್ಧಿಯಿಲ್ಲದೋಳೇ ಆಗಿರ್ತಿದ್ದೆ, ಅಲ್ವೇನೋ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದು ನಿಜವಾಗಿಯೂ ಒಂದು ಪ್ರಶ್ನೆ. "ನಮ್ಮದಲ್ಲ ಅಂದೆ ನೋಡು, ಅದು ನಿಜ. ಕೇಳಿ ಕೀಳಬೇಕಿತ್ತು. ಆದ್ರೆ ಭಾಷೆ ಬರದ ಊರಲ್ಲಿ ನಂದು ಅಂತ ಅದೊಂದು ಬೆಳಗಿನ ಕೆಲಸ ಇತ್ತು." ಎರಡನೆಯ ಗುಟುಕು ಕುಡಿದು, "ಸಕ್ಕರೆ ಜಾಸ್ತಿ ಹಾಕಿದ್ದೀಯ" ಎಂದಳು.

ಕೀಳಮ್ಮ, ಎಷ್ಟು ಬೇಕಾದರೂ ಕೀಳು ಎನ್ನಲು ನನಗೆ ಬಾಯಿ ಬಂದಿತ್ತು. ಕೀಳುವ ಕಾಲ ಮುಗಿದಿತ್ತು. ಮಾರ್ಚ್ ಕೊನೆಗೆ ಮ್ಯಾಂಚೆಸ್ಟರ್ ಏರ್‌ಪೋರ್ಟಿನಲ್ಲಿ ಅಮ್ಮನನ್ನು ಗಾಲಿಕುರ್ಚಿಯ ಸಹಾಯಕರಿಗೆ ಒಪ್ಪಿಸಿದೆ. ತಳ್ಳಿಕೊಂಡು ಹೋಗುವಾಗ ಅವಳು ತಿರುಗಿ, ಬಿಪಿ ಮಾತ್ರೆ ತಪ್ಪಿಸಬೇಡ ಎಂದು ಕೂಗಿ ಹೇಳಿದಳು. ತಪ್ಪಿಸಲ್ಲ ಎಂದು ನಾನೂ ಕೂಗಿದೆ; ಹೇಳಬೇಕಾಗಿದ್ದದ್ದು ಅದಲ್ಲ.

ಮೇ ತಿಂಗಳ ಆ ಶನಿವಾರ ಚರ್ಚಿನ ಹಾಲಿನಲ್ಲಿ ನೇರಳೆ ಗಿಡವನ್ನು ಇಟ್ಟಾಗ ನಾನೂ ಇದ್ದೆ. ಎಲೆಗಳ ದುಂಡು ತಟ್ಟೆಯ ನಡುವೆ ಹೂವಿನ ಒಂದು ಗುಡ್ಡ. ಎಣಿಸಲು ಹೋಗಿ ನಲವತ್ತರ ನಂತರ ಬಿಟ್ಟೆ. ತೀರ್ಪುಗಾರ್ತಿ ಅದರ ಸುತ್ತ ಎರಡು ಸಲ ಸುತ್ತಿದರು. ಡೆರೆಕ್ ಮೂರು ಸಲ ಸುತ್ತಿದರು, ಅದೂ ಬೆವರುತ್ತಾ. ಬಹುಮಾನ ಎರಡನೆಯದೇ ಬಂತು. ಎಲ್ಲೋ ಒಂದು ಎಲೆ ಸಾಲು ತಪ್ಪಿತ್ತಂತೆ. "ಅವನ ಮುಖ ನೋಡಿದ್ಯಾ?" ಎಂದು ಕಾರಿನಲ್ಲಿ ಜೀನ್ ಮೂರು ಸಲ ಕೇಳಿದರು. ನನಗನ್ನಿಸುವಂತೆ ಅವರು ಗೆದ್ದೇ ಬಂದಿದ್ದರು.

ಮರುದಿನ ಬೆಳಿಗ್ಗೆ ಜೀನ್ ನನ್ನ ಕೈಯಲ್ಲಿ ಕುಂಡ ಹೊರಿಸಿಕೊಂಡು ನಮ್ಮ ಮನೆಗೆ ಬಂದರು. ಪ್ರದರ್ಶನ ಮುಗಿದ ಮೇಲೆ ಹೂವೆಲ್ಲ ತೆಗೆದು ಗಿಡಕ್ಕೆ ವಿಶ್ರಾಂತಿ ಕೊಡುವುದು ಕ್ರಮವಂತೆ. "ಇದು ನಿನ್ನ ತಾಯಿಯ ದೇವರಿಗೆ" ಎಂದು ಕತ್ತರಿ ತೆಗೆದರು. ನಾನು ಕತ್ತರಿ ಬೇಡವೆಂದೆ. ಸ್ನಾನ ಮಾಡಿ ಬಂದೆ. ಬೆಳ್ಳಿಯ ಬಟ್ಟಲು ತೊಳೆದು ಇಟ್ಟುಕೊಂಡೆ. ಎಡಗೈಯಲ್ಲಿ ಎಲೆ ಎತ್ತಿ ಹಿಡಿದು, ಬಲಗೈಯ ಉಗುರಿನಿಂದ, ಐವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಸಲ ದೇವರಿಗೆ ಹೂ ಬಿಡಿಸಿದೆ. ತೊಟ್ಟು ಚಿಟ್ಟನೆ ಮುರಿಯುವಾಗ ಬೆರಳಿಗೆ ಸ್ವಲ್ಪ ತಂಪು ತಾಗುತ್ತದೆ. ಅಮ್ಮನ ಬೆಳಗುಗಳು ಹೀಗಿದ್ದವು ಎಂದು ತಿಳಿಯಿತು.

ಕೊನೆಯ ಒಂದು ಹೂವಿಗೆ ಜೀನ್ ಕೈ ಹಾಕಿದರು. ನಾನು ಅವರ ಕೈ ಹಿಡಿದೆ.

"ಎಲ್ಲ ತೆಗೀಬೇಕು, ಲವ್."

"ಅದೊಂದು ಇರಲಿ. ಅದು ಗಿಡದ್ದು."

ಜೀನ್ ನನ್ನ ಮುಖ ನೋಡಿದರು, ತಮ್ಮ ಗುಲಾಬಿಯನ್ನು ನೆನೆಸಿಕೊಂಡರೋ ಏನೋ, ಕೈ ಹಿಂದಕ್ಕೆ ತೆಗೆದುಕೊಂಡರು.

ಮೈಸೂರಿನಲ್ಲಿ ಆಗ ಮಧ್ಯಾಹ್ನ. ವಿಡಿಯೋ ಕಾಲ್ ಮಾಡಿ ಫೋನನ್ನು ಮೈಕ್ರೋವೇವ್ ಕಡೆ ಹಿಡಿದೆ. ಪುಟ್ಟ ಕೃಷ್ಣ ಸೊಂಟದ ತನಕ ನೇರಳೆ ಹೂವಿನಲ್ಲಿ ಮುಳುಗಿದ್ದ. ಅಮ್ಮ ಫೋನಿಗೆ ಮುಖ ಹತ್ತಿರ ತಂದಳು. ಕನ್ನಡಕ ಹುಡುಕಿ ಹಾಕಿಕೊಂಡಳು.

"ಯಾರು ಬಿಡಿಸಿದ್ದು?" ಎಂದಳು.

"ನಾನೇ ಅಮ್ಮ. ನನ್ನ ಕೈಲೇ."

"ಗಿಡಕ್ಕೊಂದು ಬಿಟ್ಟಿದ್ದೀಯಾ?"

"ಬಿಟ್ಟಿದ್ದೀನಿ. ಅವತ್ತು ನೀನೂ ಬಿಟ್ಟಿದ್ದೆ. ಎರಡು ತಿಂಗಳು ದಿನಾ ನಾನೇ ಎಣಿಸಿ ಬರೆದಿದ್ದೀನಿ, ಆದ್ರೂ ನೋಡಿರಲಿಲ್ಲ. ನಾನು ಹಾಗೆ ಕಿರುಚಬಾರದಿತ್ತಮ್ಮ. ಗಿಡ ಒಣಗಿಹೋಗಿದ್ರೂ ಕಿರುಚಬಾರದಿತ್ತು."

ಅಮ್ಮ ಜೀನಮ್ಮನನ್ನು ತೋರಿಸು ಎಂದಳು. ತೋರಿಸಿದೆ. ಇಬ್ಬರೂ ಎರಡು ಭಾಷೆಯಲ್ಲಿ ಸೊಂಟ ಮತ್ತು ಮಂಡಿಯ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಫೋನು ನನ್ನ ಕೈಗೆ ವಾಪಸು ಬಂದಾಗ ಅಮ್ಮ, "ಅಕ್ಟೋಬರಿಗೆ ಟಿಕೆಟ್ ನೋಡು" ಎಂದಳು.

ಫ್ರಿಜ್ಜಿನ ಬಾಗಿಲಲ್ಲಿ ಹಳೆಯ ಚಾರ್ಟು ಇನ್ನೂ ನೇತಾಡುತ್ತಿತ್ತು, ಕೆಳಗೆ ಒಂದೇ ಸಾಲು ಖಾಲಿ. ಪೆನ್ನು ತೆಗೆದುಕೊಂಡು ಅಂದಿನ ದಿನಾಂಕ ಹಾಕಿ, ಹೂವಿನ ಕಾಲಮ್ಮಿನಲ್ಲಿ ಬರೆದೆ: ಒಂದು.